ಆ್ಯಶ್ ಮರದ ಸೌದೆ

ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ ಪಿಕೆರೆಲ್ ಸರೋವರದ ಪಾರ್ಕಿನ ಗೇಟಿನಲ್ಲಿ ಮಾರ್ಲಿಸ್ ಹೌಗನ್ ತಂದ ಸೌದೆ ಜಪ್ತಿಯಾಯಿತು.

ತಪ್ಪು ಅವಳದೇ. ಸೌದೆ ತಂದಿದ್ದೀರಾ ಎಂದು ಗೇಟಿನ ಹುಡುಗಿ ಕೇಳಿದಾಗ ಇಲ್ಲ ಎನ್ನಬಹುದಿತ್ತು. ಪಿಕಪ್ಪಿನ ಹಿಂಭಾಗಕ್ಕೆ ಟಾರ್ಪಾಲು ಬಿಗಿದಿತ್ತು, ಮೇಲೆ ಡೇರೆಯ ಗಂಟಿತ್ತು. ಹಾಗೇ ಹೇಳೆಂದು ತಮ್ಮ ಡ್ವೇನ್ ದಾರಿಯುದ್ದಕ್ಕೂ ಹೇಳಿಕೊಟ್ಟಿದ್ದ. ಆದರೂ ಮಾರ್ಲಿಸ್ ಕಿಟಕಿಯಿಂದ ತಲೆ ಹೊರಹಾಕಿ, "ಹೂಂ, ನಮ್ಮ ಮನೆ ಮುಂದಿನ ಮರದ್ದೇ" ಎಂದಳು, ಹೆಮ್ಮೆಯಿಂದ.

"ಯಾವ ಮರ ಅಮ್ಮ?"

"ಆ್ಯಶು."

ಹುಡುಗಿಯ ಮುಖ ಬಿಗಿಯಾಯಿತು. ಎದೆಯ ಮೇಲಿನ ಪಟ್ಟಿಯಲ್ಲಿ ಟೀಗನ್ ಎಂದಿತ್ತು. ಹತ್ತು ಮೈಲಿಯಾಚೆಯ ಸೌದೆ ಒಳಗೆ ಬರುವಂತಿಲ್ಲ, ಅದರಲ್ಲೂ ಆ್ಯಶ್ ಮರದ್ದು ಬರಲೇಬಾರದು, ತೊಗಟೆಯೊಳಗೆ ಹಸಿರು ಜೀರುಂಡೆಯ ಮರಿಗಳಿರುತ್ತವೆ ಎಂದಳು.

"ನನಗೆ ಹೇಳಿಕೊಡ್ತೀಯಾ?" ಮಾರ್ಲಿಸ್ ಕೆಳಗಿಳಿದಳು. "ಆ ಮರ ಸತ್ತಿದ್ದೇ ಆ ಹುಳದಿಂದ. ನನ್ನ ಗಂಡ ವರ್ನ್ ಕಡಿದು, ಕೈಯಾರೆ ಸೀಳಿ ಒಟ್ಟಿದ್ದ. ಬೇಸಿಗೇಲಿ ಕೆರೆ ದಡದಲ್ಲೇ ಉರಿಸೋಣ ಅಂದಿದ್ದ. ಮಾರ್ಚಲ್ಲಿ ಹೋಗ್ಬಿಟ್ಟ. ಈಗ ಹೇಳು, ಯಾರ ಸೌದೆ ಇದು?"

"ಪಾಪ ಅನ್ಸುತ್ತೆ ಅಮ್ಮ. ಆದ್ರೆ ದಕ್ಷಿಣ ದಂಡೇಲಿ ಇನ್ನೂ ಸ್ವಲ್ಪ ಆ್ಯಶ್ ಮರ ಜೀವಂತ ಇವೆ."

"ಮತ್ತೆ ಈ ಕಡೆ?" ಮಾರ್ಲಿಸ್ ಕೈ ತೋರಿಸಿದಳು. ರಸ್ತೆಯ ಎರಡೂ ಬದಿಗೆ ಕಡಿದ ಆ್ಯಶ್ ಮರಗಳ ಬರೀ ಬೊಡ್ಡೆಗಳು. ಅವುಗಳ ನಡುವೆ ಬಸ್ಸಿನಷ್ಟುದ್ದದ ಮನೆವಾಹನವೊಂದು ಜನರೇಟರು ಗುಡುಗಿಸುತ್ತ ನಿಂತಿತ್ತು. "ಅವನು ಹಿಂಗೆ ಹೊಗೆ ಬಿಟ್ಕೊಂಡು ನಿಲ್ಲಬಹುದು. ವರ್ನ್‌ನ ನಾಕು ಕೊರಡು ಒಳಗೆ ಬರಬಾರದು. ಚೆನ್ನಾಗಿದೆ ನಿಮ್ಮ ನ್ಯಾಯ!"

"ಅಕ್ಕಾ, ಸಾಕು," ಡ್ವೇನ್ ಗೊಣಗಿದ. "ಇಲ್ಲ ಅಂದ್ಬಿಡು ಅಂತ ಬಡ್ಕೊಂಡೆ."

"ನೀನು ಸುಮ್ನಿರೋ. ಐವತ್ತು ವರ್ಷದಿಂದ ಬರ್ತಿದೀನಿ, ಈ ಗೇಟಲ್ಲಿ ಸುಳ್ಳು ಹೇಳಿಲ್ಲ. ಈಗ ಶುರು ಮಾಡ್ಲಾ?"

ಹಿಂದೆ ಕಾರುಗಳು ಸಾಲುಗಟ್ಟಿದವು. ಯಾರೋ ಹಾರ್ನ್ ಒತ್ತಿದರು. ಮಾರ್ಲಿಸ್ ತಿರುಗಿ ನೋಡಿದ ನೋಟಕ್ಕೆ ಅದು ನಿಂತಿತು. ಅಂಗಡಿಯಲ್ಲಿ ಸರ್ಕಾರಿ ಮುದ್ರೆಯ ಸೌದೆ ಕಟ್ಟು ಸಿಗುತ್ತದೆ ಎಂದು ಟೀಗನ್ ಸಮಾಧಾನ ಹೇಳಲು ನೋಡಿದಳು.

"ಗೊತ್ತು. ಹಸಿ ಪೈನು. ಅದಕ್ಕೆ ಊದಿ ಊದಿ ನಮ್ಮ ಪ್ರಾಣ ಹೋಗುತ್ತೆ, ಅದು ಮಾತ್ರ ಹೊತ್ತೋದಿಲ್ಲ." ಪಿಕಪ್ಪಿನ ಕಡೆ ತಿರುಗಿ ಕೇಳಿದಳು: "ಇದನ್ನೇನು ಮಾಡ್ತೀರಿ?"

"ಇವತ್ತೇ ಸುಡಬೇಕು. ನಿಯಮ."

"ಎಲ್ಲಿ?"

"ಆಫೀಸಿನ ಹಿಂದೆ, ಆರು ಗಂಟೆ ಮೇಲೆ."

ಮಾರ್ಲಿಸ್ ಟಾರ್ಪಾಲು ಬಿಚ್ಚಿದಳು. ಸೌದೆ ಇಳಿಸಲು ಯಾರನ್ನೂ ಬಿಡಲಿಲ್ಲ. ಒಂದೊಂದೇ ಕೊರಡನ್ನು ತಾನೇ ಎತ್ತಿ, ಗೇಟಿನ ಗೋಡೆಗೆ ಒರಗಿಸಿ, ವರ್ನ್ ಒಟ್ಟುತ್ತಿದ್ದಂತೆ ಸೀಳಿದ ಬದಿ ಕೆಳಗಾಗಿ ಜೋಡಿಸಿದಳು.

ಆರಕ್ಕೆ ಟೀಗನ್ ಆಫೀಸಿನ ಹಿಂದೆ, ಒಲೆಯಂತೆ ನೆಲದಲ್ಲಿ ಹೂತ ಕಬ್ಬಿಣದ ಬಳೆಯೊಳಗೆ ಬೆಂಕಿ ಹೊತ್ತಿಸುವಾಗ, ಕಸದ ತೊಟ್ಟಿಗಳ ಪಕ್ಕದಿಂದ ಮಾರ್ಲಿಸ್ ಬಂದಳು. ಎರಡೂ ಕಂಕುಳಲ್ಲಿ ಒಂದೊಂದು ಮಡಚುವ ಕುರ್ಚಿ. ಹಿಂದೆ ಸಾಸೇಜು, ಅದನ್ನು ಚುಚ್ಚಿ ಸುಡುವ ಕಡ್ಡಿ ಹಿಡಿದ ಡ್ವೇನ್.

"ಇಲ್ಲಿಗೆ ಹೊರಗಿನವರು ಬರೋ ಹಾಗಿಲ್ಲ ಅಮ್ಮ."

"ಹಾಗಾದ್ರೆ ನನ್ನನ್ನೂ ಜಪ್ತಿ ಮಾಡು."

ಅವಳು ಕುರ್ಚಿ ಬಿಡಿಸಿ ಕೂತಳು. ಇನ್ನೊಂದನ್ನೂ ಬಿಡಿಸಿ ತನ್ನ ಪಕ್ಕದಲ್ಲಿಟ್ಟಳು. ಅದರಲ್ಲಿ ಡ್ವೇನ್ ಕೂರಲಿಲ್ಲ, ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತ. ಅಲ್ಲಿಂದ ಸರೋವರ ಕಾಣುತ್ತಿರಲಿಲ್ಲ, ಆಫೀಸಿನ ಗೋಡೆ ಅಡ್ಡವಿತ್ತು. ಟೀಗನ್ ಒಂದು ಕೊರಡನ್ನು ಬೆಂಕಿಗೆ ಎಸೆದಳು, ಕಿಡಿ ಹಾರಿತು.

"ಒಗೀಬೇಡ," ಮಾರ್ಲಿಸ್ ಎಂದಳು. "ಇಡು."

ಟೀಗನ್ ಮುಂದಿನದನ್ನು ಬಗ್ಗಿ ಇಟ್ಟಳು. ಒಣ ಸೌದೆ ಹೊಗೆಯಿಲ್ಲದೆ ಹೊತ್ತಿಕೊಂಡಿತು.

ಮರುದಿನ ಬೆಳಿಗ್ಗೆಯೇ ಅಕ್ಕ ತಮ್ಮ ಡೇರೆ ಕಿತ್ತು ಊರಿಗೆ ಹೊರಟರು. ಭಾನುವಾರದವರೆಗೆ ಅವರು ಕಾದಿರಿಸಿದ್ದ ದಡದ ಜಾಗ ಖಾಲಿ ಉಳಿಯಿತು.