ರಂಗಕ್ಕೆ ಬೆನ್ನು ಹಾಕಿ ನಿಂತವನು

ಹೈಮನ್ ಟೆಪ್ಪರ್ ನಾಟಕ ನೋಡುತ್ತಿದ್ದುದು ರಂಗಕ್ಕೆ ಬೆನ್ನು ಹಾಕಿ. ಕೊನೆಯ ಸಾಲಿನ ಕುರ್ಚಿಗಳ ಹಿಂದಿನ ಇಕ್ಕಟ್ಟಿನಲ್ಲಿ, ಬೇಸಿಗೆಯಲ್ಲೂ ಬಿಚ್ಚದ ಒಂಟೆಬಣ್ಣದ ಓವರ್‌ಕೋಟಿನ ಜೇಬುಗಳಲ್ಲಿ ಕೈ ಹುಗಿದು, ಗೋಡೆಯತ್ತ ಮುಖಮಾಡಿ, ತಪ್ಪು ಮಾಡಿ ಶಿಕ್ಷೆಗೊಳಗಾದ ಶಾಲಾ ಹುಡುಗನಂತೆ ನಿಂತುಬಿಡುತ್ತಿದ್ದ. ಬೆಳಕು, ಬಣ್ಣ, ನರ್ತಕಿಯರ ಸಾಲು, ವಾದ್ಯವೃಂದದ ಭೋರ್ಗರೆತ, ಇವು ಯಾವುವೂ ಅವನಿಗೆ ಬೇಕಿರಲಿಲ್ಲ. ಬೇಕಾದದ್ದು ಪ್ರೇಕ್ಷಕರ ಕೆಮ್ಮು. “ನಗು ಸುಳ್ಳು ಹೇಳುತ್ತೆ. ಚಪ್ಪಾಳೆ ದಾಕ್ಷಿಣ್ಯಕ್ಕೂ ಬರುತ್ತೆ. ಮರ್ಯಾದೆಗೋಸ್ಕರ ಕೆಮ್ಮಿದವರನ್ನ ಮಾತ್ರ ನಾನು ಕಂಡಿಲ್ಲಪ್ಪ,” ಅನ್ನುತ್ತಿದ್ದ.

ಅದು, ಸಂಗೀತ ನಾಟಕವೆಂಬುದು ನ್ಯೂಯಾರ್ಕಿನ ಬ್ರಾಡ್‌ವೇಗೆ ಕಾಲಿಡುವ ಮೊದಲು ನ್ಯೂ ಹೇವನ್, ಬಾಸ್ಟನ್, ಫಿಲಡೆಲ್ಫಿಯಾಗಳಲ್ಲಿ ಕೆಲವು ವಾರ ಆಡಿ, ಪರವೂರಿನವರ ಮುಂದೆ ತನ್ನ ರೋಗಗಳನ್ನೆಲ್ಲ ತೋರಿಸಿಕೊಂಡು ಬರಬೇಕಾಗಿದ್ದ ಕಾಲ. ನಾಟಕ ನರಳತೊಡಗಿತೆಂದರೆ ನಿರ್ಮಾಪಕರು ಗುಟ್ಟಾಗಿ ಹೈಮನ್‌ಗೆ ಫೋನ್ ಮಾಡುತ್ತಿದ್ದರು. ಅವನು ಸಣ್ಣ ಸಣ್ಣ ಹೆಜ್ಜೆಗಳಲ್ಲಿ, ಬಸ್ಸು ತಪ್ಪಿಸಿಕೊಂಡವನ ಆತುರದಲ್ಲಿ ಬಂದು, ಗೋಡೆ ನೋಡುತ್ತ ನಿಂತು, ಮಾರನೆಯ ದಿನ ಎರಡು ಹಾಡು ಕಿತ್ತುಹಾಕಿ, ಒಂದು ದೃಶ್ಯವನ್ನು ಹಿಂದಕ್ಕೆ ತಳ್ಳಿ, ಕರಪತ್ರದಲ್ಲಿ ಎಲ್ಲೂ ತನ್ನ ಹೆಸರಿಲ್ಲದಂತೆ ನೋಡಿಕೊಂಡು ರೈಲು ಹತ್ತುತ್ತಿದ್ದ. ಆ ವೃತ್ತಿಯವರೆಲ್ಲ ಅವನನ್ನು ‘ಡಾಕ್ಟರ್’ ಎಂದೇ ಕರೆಯುತ್ತಿದ್ದರು. ಹಾಡು ಕಳೆದುಕೊಂಡವರು ‘ಕಟುಕ’ ಎನ್ನುತ್ತಿದ್ದರು.

ತಾಲೀಮಿನ ಪಿಯಾನೋ ನುಡಿಸುತ್ತಿದ್ದ ವಿನಿ ಡೂಲಿ ಮಾತ್ರ ಅವನನ್ನು ‘ಹೈ’ ಎನ್ನುತ್ತಿದ್ದಳು. ಇಬ್ಬರೂ ಹದಿಹರೆಯದಲ್ಲಿ ಒಂದೇ ಸಂಗೀತ ಪ್ರಕಾಶಕನ ಅಂಗಡಿಯಲ್ಲಿ, ಬಂದ ಗಾಯಕರಿಗೆಲ್ಲ ಹೊಸ ಹಾಡು ನುಡಿಸಿ ತೋರಿಸಿ ಮಾರುತ್ತಿದ್ದವರು. ಆಗ ಕತೆಗೂ ಹಾಡಿಗೂ ನೆಂಟಸ್ತಿಕೆಯೇ ಇರಲಿಲ್ಲ. ವಿದೂಷಕ ಬಿದ್ದೇಳುವುದು, ಹುಡುಗಿಯರು ಕುಣಿಯುವುದು, ಇದರ ನಡುವೆ ಜೇಬಿನಲ್ಲಿದ್ದ ಯಾವ ಹಾಡನ್ನಾದರೂ ಯಾರ ಬಾಯಿಗಾದರೂ ಹಾಕಬಹುದಿತ್ತು. ಆಮೇಲೆ ಕಾಲ ಬದಲಾಯಿತು. ಬೇಸಾಯಗಾರರು, ನಾವಿಕರು, ಅಂಗಡಿಯ ಹುಡುಗಿಯರು ರಂಗಕ್ಕೆ ಬಂದರು. ಮಾತು ಇನ್ನು ಸಾಲದು ಎಂಬಲ್ಲಿ ಮಾತ್ರ ಹಾಡು ಹುಟ್ಟಬೇಕು, ಆ ಹಾಡು ಅದನ್ನು ಹಾಡುವವಳ ಬಾಳಿನದೇ ಆಗಿರಬೇಕು ಎಂಬ ಹೊಸ ಧರ್ಮ ಬಂತು. ಆ ಧರ್ಮವನ್ನು ಹೈಮನ್‌ನಷ್ಟು ನಿಷ್ಠುರವಾಗಿ ಪಾಲಿಸಿದವರಿಲ್ಲ. “ಚೆನ್ನಾಗಿದೆ ಮಗೂ, ಬಹಳ ಚೆನ್ನಾಗಿದೆ. ಪೆಟ್ಟಿಗೆಗೆ ಹಾಕಿಡು,” ಎಂದು ಎಷ್ಟು ಎಳೆಯ ಸಂಗೀತಗಾರರನ್ನು ಅಳಿಸಿದ್ದನೋ.

ಪೆಟ್ಟಿಗೆ ಎಂದರೆ ಹಾಡು ಕಟ್ಟುವ ಪ್ರತಿಯೊಬ್ಬನ ಮನೆಯಲ್ಲೂ ಇದ್ದದ್ದೇ. ನಾಟಕದಿಂದ ತೆಗೆದ ಹಾಡು ಸಾಯುವುದಿಲ್ಲ. ಪೆಟ್ಟಿಗೆಯಲ್ಲಿ ಮಲಗಿ ಮುಂದಿನ ನಾಟಕಕ್ಕೆ ಕಾಯುತ್ತದೆ. ಹೈಮನ್‌ನ ಪೆಟ್ಟಿಗೆಯಲ್ಲಿ ‘ಏಪ್ರಿಲಿನ ಕಿಟಕಿ’ ಎಂಬ ಒಂದು ಹಾಡಿತ್ತು. ಇಪ್ಪತ್ತರ ಹರೆಯದಲ್ಲಿ ಕಟ್ಟಿದ್ದು, ತೊಟ್ಟಿಲು ತೂಗಿದಂಥ ಲಯದ್ದು. ತಾನೇ ಸಂಗೀತ ಕಟ್ಟಿದ ನಾಟಕಕ್ಕೆಲ್ಲ ಅದನ್ನು ಸೇರಿಸುವನು. ಪ್ರತಿ ಸಲವೂ ಬಾಸ್ಟನ್ ದಾಟುವ ಮೊದಲೇ ಯಾರೋ ಕಿತ್ತುಹಾಕುವರು. ಅವನ ರಾಗಗಳಿಗೆ ಮಾತು ಬರೆಯುತ್ತಿದ್ದ ಗೆಳೆಯನೊಬ್ಬ, “ಈ ಹಾಡು ಬೇಡ ಬಿಡಯ್ಯ,” ಎಂದದ್ದಕ್ಕೆ ಹೈಮನ್ ಅವನೊಡನೆ ಮಾತು ಬಿಟ್ಟ. ಒಂದೇ ಬೀದಿಯಲ್ಲಿ, ಎದುರು ಬದುರು ಹೋಟೆಲುಗಳಲ್ಲಿ ಇಬ್ಬರೂ ಊಟ ಮಾಡುತ್ತ ಮುದುಕರಾದರು. ಗೆಳೆಯ ತೀರಿಕೊಂಡಾಗಲೂ ಇವನು ಹೋಗಲಿಲ್ಲ.

ವಿನಿಗೆ ಇದೆಲ್ಲ ಗೊತ್ತಿತ್ತು. ಅದಕ್ಕೇ ಆ ವರ್ಷ ಬಾಸ್ಟನ್ನಿನಲ್ಲಿ, ಸ್ಟೇಟನ್ ಐಲೆಂಡಿನ ಫೆರಿ ದೋಣಿಯ ಟಿಕೆಟ್ ಹುಡುಗಿಯೊಬ್ಬಳ ಕತೆಯನ್ನು ಹೈಮನ್ ತನ್ನದೇ ಹೆಸರಿನಲ್ಲಿ ರಂಗಕ್ಕೆ ತಂದಾಗ, ಅವಳಿಗೆ ಊಟ ಸೇರುತ್ತಿರಲಿಲ್ಲ. ಎರಡನೆಯ ಅಂಕದ ನಡುಮಧ್ಯೆ ಆ ಹಾಡು ಕೂತಿತ್ತು, ಅಲ್ಲಿಂದಾಚೆ ನಾಟಕ ಮೇಲೇಳುತ್ತಿರಲಿಲ್ಲ. ಶನಿವಾರದೊಳಗೆ ನಾಟಕ ಸುಧಾರಿಸದಿದ್ದರೆ ಬಾಸ್ಟನ್ನಿನಲ್ಲೇ ಬಾಗಿಲು ಹಾಕುವುದಾಗಿ ನಿರ್ಮಾಪಕ ಗಾರ್ಫೈನ್ ಹೇಳಿಯಾಗಿತ್ತು. ಅವನು ವಿನಿಯನ್ನು ಮೂಲೆಗೆ ಕರೆದು, “ನೀವು ಹೇಳ್ರೀ ಮಿಸ್ ಡೂಲಿ. ನಾನು ಹೇಳಿದ್ರೆ ಕೋಟು ಹಾಕ್ಕೊಂಡೇ ನನ್ನ ಮೇಲೆ ಬೀಳ್ತಾನೆ,” ಎಂದ.

“ನಾನು ಹೇಳಿದ್ರೆ ಇನ್ನು ಮೇಲೆ ನನ್ನ ಮುಖಾನೇ ನೋಡಲ್ಲ,” ಎಂದಳು ವಿನಿ. ಮದುವೆಯಾಗದ ಅವಳಿಗೆ ಆ ಕೋಪಿಷ್ಠನ ಹರಟೆಯನ್ನು ಬಿಟ್ಟರೆ ಬೇರೆ ಬಳಗವಿರಲಿಲ್ಲ.

ಬುಧವಾರ ಮಧ್ಯಾಹ್ನದ ಆಟ. ಟೋಪಿ ಧರಿಸಿದ ಹೆಂಗಸರಿಂದ ಸಭಾಂಗಣ ತುಂಬಿತ್ತು. ಹೈಮನ್ ಎಂದಿನಂತೆ ಗೋಡೆಗೆ ಮುಖ ಕೊಟ್ಟಿದ್ದ, ಪಕ್ಕದಲ್ಲಿ ವಿನಿ. ಎರಡನೆಯ ಅಂಕದಲ್ಲಿ ಹುಡುಗಿ ತನ್ನ ಕೋಣೆಗೆ ಬಂದ ಪ್ರಿಯನಿಗೆ, “ನೀನು ಬರ್ತೀಯ ಅಂತ ಕಿಟಕಿ ತೆಗೆದೇ ಇಟ್ಟಿದ್ದೆ,” ಎಂದಳು. ಪಿಟೀಲುಗಳು ಎದ್ದವು. ಆಗ ವಿನಿ ಕಂಡದ್ದು, ಇಷ್ಟು ವರ್ಷ ಅವಳು ಕಾಣದ್ದು: ಹೈಮನ್ ಮೆಲ್ಲನೆ ತಿರುಗಿ ರಂಗದತ್ತ ನೋಡುತ್ತಿದ್ದ. ತುಟಿಗಳು ಹಾಡಿನೊಡನೆ ಅಲುಗುತ್ತಿದ್ದವು. ಸುತ್ತ ಕೆಮ್ಮು ಹಬ್ಬಿತು. ಮುಂದಿನ ಸಾಲಿನಲ್ಲಿ ಒಬ್ಬಾಕೆ ಪೆಪ್ಪರ್‌ಮಿಂಟಿನ ಕಾಗದ ಬಿಚ್ಚಿದಳು. ಅವನ ಕಿವಿಗೆ ಯಾವುದೂ ಬೀಳಲಿಲ್ಲ.

ಆಟ ಮುಗಿದ ಮೇಲೆ ಹತ್ತಿರದ ಹೋಟೆಲಿನಲ್ಲಿ ಎಲೆಕೋಸಿನ ಸೂಪು ತರಿಸಿಕೊಂಡು ಹೈಮನ್ ಶುರುಮಾಡಿದ. “ಎರಡನೇ ಅಂಕ ಕುಂಟೋದಕ್ಕೆ ಆ ನೀಲಿ ಗೌನೇ ಕಾರಣ ಕಣೇ. ಅದರಲ್ಲಿ ಅವಳು ನರ್ಸ್ ಥರ ಕಾಣ್ತಾಳೆ.”

“ಹೈ.”

“ಇಲ್ಲಾಂದ್ರೆ ಆ ದೀಪದವನು. ಅವನಿಗೆ ಕಣ್ಣು ಇದೆಯಾ ಅಂತ.”

“ಹೈ, ಇವತ್ತು ನೀನು ತಿರುಗಿ ನಿಂತಿದ್ದೆ.”

“ಎಲ್ಲಿ? ನಾನಾ?”

“ಆ ಹಾಡು ಬಂದಾಗ. ರಂಗದ ಕಡೆ. ಪೂರ್ತಿ ಹಾಡು ಮುಗಿಯೋ ತನಕ.”

ಚಮಚ ಸೂಪಿನ ಮೇಲೆ ನಿಂತಿತು. ಈಗ ಏಳುತ್ತಾನೆ, ಈಗ ಹೊರಟುಹೋಗುತ್ತಾನೆ ಎಂದು ವಿನಿ ಕಾದಳು.

“ಕೆಮ್ಮಿದ್ರಾ?” ಎಂದ, ತಲೆಯೆತ್ತದೆ.

“ಕ್ಷಯರೋಗದ ವಾರ್ಡಲ್ಲಿ ಕೂತ ಹಾಗಿತ್ತು.”

“ಹಾಡಿಗೆ ಮುಂಚೆ ಹುಡುಗಿ ಏನು ಹೇಳ್ತಾಳೆ?”

“ನಿನಗೋಸ್ಕರ ಕಿಟಕಿ ತೆಗೆದಿಟ್ಟಿದ್ದೆ ಅಂತ.”

“ಹಾಡಲ್ಲಿ?”

“ಅದನ್ನೇ ಹೇಳ್ತಾಳೆ. ಆದ್ರೆ ಮುಗಿಸೋದೇ ಇಲ್ಲ.”

ಹೈಮನ್ ಚಮಚ ಕೆಳಗಿಟ್ಟ. ಆಮೇಲೆ ಅವನ ಹೆಗಲುಗಳು ಕುಲುಕತೊಡಗಿದವು. ಅಳುತ್ತಿದ್ದಾನೆಂದೇ ವಿನಿ ಭಾವಿಸಿದಳು, ಅವನು ನಗುತ್ತಿದ್ದ. “ಬೇರೆ ಯಾವನಾದ್ರೂ ಬರೆದಿದ್ದಿದ್ರೆ ನ್ಯೂ ಹೇವನ್ನಲ್ಲೇ ಅದರ ಕತ್ತು ಹಿಸುಕಿರ್ತಿದ್ದೆ. ಅಲ್ವೇನೇ?”

“ಎರಡನೇ ಯೋಚನೆ ಇಲ್ಲದೆ.”

“ಇಷ್ಟು ದಿನ ಯಾಕೆ ಬಾಯಿ ಮುಚ್ಕೊಂಡಿದ್ದೆ, ದೆವ್ವದಂಥವಳೇ?”

“ನೀನು ಎದುರು ಹೋಟೆಲಿಗೆ ಹೋಗಿಬಿಟ್ರೆ ಅಂತ.”

ಹೈಮನ್‌ನ ನಗು ನಿಂತಿತು. ಕಿಟಕಿಯಾಚೆಗಿನ ಬೀದಿಯನ್ನು ನೋಡಿ, “ಅವನೂ ಇದನ್ನೇ ಹೇಳಿದ್ದ, ಪಾಪ,” ಎಂದ. ಬ್ರೆಡ್ಡಿನ ತಟ್ಟೆಯನ್ನು ಅವಳ ಕಡೆಗೆ ತಳ್ಳಿದ. “ತಿನ್ನು. ಕಡ್ಡಿ ಆಗಿದೀಯ.”

ಸಂಜೆಯ ಆಟದಲ್ಲಿ ಹುಡುಗಿ ಆ ಒಂದು ಮಾತು ಹೇಳಿದಳು, ಅಷ್ಟೆ. ಹಾಡು ಬರಲಿಲ್ಲ. ಮೌನ ಹರಡಿತು, ಹುಡುಗ ಟೋಪಿ ತೆಗೆದು ಕಿಟಕಿಯ ಬಳಿ ಹೋದ, ಒಂದೇ ಒಂದು ಕ್ಲಾರಿನೆಟ್ಟು ನೃತ್ಯಕ್ಕೆ ಕರೆಯಿತು. ಸಭಾಂಗಣದಲ್ಲಿ ಒಂದು ಗಂಟಲೂ ಸದ್ದು ಮಾಡಲಿಲ್ಲ. ಗಾರ್ಫೈನ್ ಶನಿವಾರ ಬಾಗಿಲು ಹಾಕಲಿಲ್ಲ.

ಆಮೇಲೆ ಗಿಟಾರುಗಳು ಬಂದವು, ನಟರ ಕೂದಲಲ್ಲಿ ಮೈಕುಗಳು ಅಡಗಿದವು, ಹಾಡಿಗಿಂತ ಯಂತ್ರಗಳೇ ಹೆಚ್ಚು ಚಪ್ಪಾಳೆ ಗಿಟ್ಟಿಸುವ ಕಾಲವೂ ಬಂತು. ಹೈಮನ್ ಎಲ್ಲವನ್ನೂ ಗೊಣಗುತ್ತ ನೋಡಿದ, ಎಲ್ಲದರಲ್ಲೂ ಒಂದಿಷ್ಟನ್ನು ಮೆಚ್ಚಿದ. ‘ಏಪ್ರಿಲಿನ ಕಿಟಕಿ’ಯನ್ನು ಮತ್ತೆಂದೂ ಯಾವ ನಾಟಕಕ್ಕೂ ಸೇರಿಸಲಿಲ್ಲ. ಭಾನುವಾರ ವಿನಿಯ ಮನೆಯಲ್ಲಿ ಅವಳು ತಟ್ಟೆ ತೊಳೆಯುವಾಗ ಸುಮ್ಮನೆ ನುಡಿಸುತ್ತಿದ್ದ; ಕೇಳಲಿಕ್ಕೆ ಬಹಳ ಇಂಪಾಗಿರುತ್ತಿತ್ತು.

ಇತರರ ಪ್ರೀತಿಯ ಮೇಲೆ ಕತ್ತರಿಯಾಡಿಸುವುದೇ ಕಸುಬಾದವರನ್ನು ಲೋಕ ಕಲ್ಲೆದೆಯವರೆಂದು ತಿಳಿಯುತ್ತದೆ. ಆದರೆ ತಮ್ಮದೇ ಒಂದು ದುರ್ಬಲ ಕೂಸನ್ನು ಕೋಟಿನೊಳಗೆ ಬಚ್ಚಿಟ್ಟುಕೊಂಡು ಅವರಷ್ಟು ದೂರ ನಡೆಯುವವರು ಬೇರೆ ಯಾರೂ ಇಲ್ಲ. ಅದನ್ನು ಕೆಳಗಿಳಿಸು ಎಂದವರ ಮೇಲೆ ಅವರು ಹರಿಹಾಯುವುದೂ ಉಂಟು, ಜನ್ಮವಿಡೀ ಮಾತು ಬಿಡುವುದೂ ಉಂಟು. ಅವರಲ್ಲಿ ಭಾಗ್ಯವಂತರಿಗೆ ಮಾತ್ರ ಆ ಮಾತನ್ನು ಎರಡನೆಯ ಸಲ ಹೇಳುವವರೊಬ್ಬರು, ಗೆಳೆತನ ಹೋದೀತೆಂಬ ಭಯವಿದ್ದರೂ ಹೇಳುವವರೊಬ್ಬರು, ಮೇಜಿನ ಎದುರಿಗೆ ಸಿಗುತ್ತಾರೆ.