ಸೊಂಟವ್ವನ ಸೋಮವಾರ

"ಲೇ ಲೌಡಿ, ನಿನ್ ಸೊಂಟ ಏನು ಬಂಗಾರದ್ದೇನೆ? ಗಳಿಗೆಗೊಂದ್ ಸಲ ಎತ್ತೆತ್ತಿ ನೋಡ್ಕಂತೀಯಲ್ಲ! ಬಗ್ಗೇ, ಬಗ್ಗು!"

ಬದುವಿನ ಮೇಲೆ ಕೊಡೆ ಹಿಡಿದು ನಿಂತಿದ್ದ ಕಲ್ಲೇಶಪ್ಪಗೌಡ ಬೈದದ್ದು ಅಂತರಘಟ್ಟಮ್ಮನಿಗೆ. ಏಳು ತಿಂಗಳ ಬಸುರಿ. ಅವಳು ಬೆನ್ನು ನೆಟ್ಟಗೆ ಮಾಡಿದ್ದು ಒಂದು ಉಸಿರು ಬಿಡುವಷ್ಟು ಹೊತ್ತು. ಆ ಉಸಿರನ್ನೂ ಅರ್ಧಕ್ಕೇ ನುಂಗಿ ಮತ್ತೆ ಕೆಸರಿಗೆ ಬಗ್ಗಿದಳು. ಪಕ್ಕದಲ್ಲಿ ನಾಟಿ ಮಾಡುತ್ತಿದ್ದ ಅವಳ ಅತ್ತೆ ಉಚ್ಚಂಗಮ್ಮ ಕೈಯಲ್ಲಿದ್ದ ಸಸಿಯನ್ನು ಗೌಡನ ಕಣ್ಣಿಗೇ ನೆಟ್ಟ ಹಾಗೆ ಕೆಸರಿಗೆ ಚುಚ್ಚಿದಳು.

ಅವತ್ತು ಸೋಮವಾರ. ತ್ಯಾವಣಿಗೆಯ ಆಚೆ ಈಚೆ, ಭದ್ರಾ ನಾಲೆಯ ನೀರು ಕುಡಿಯುವ ಊರುಗಳಲ್ಲೆಲ್ಲ ಸೋಮವಾರ ಎತ್ತು ಹೂಡುವುದಿಲ್ಲ. ಬಸವಣ್ಣನ ವಾರ. ಆ ದಿನ ಎತ್ತಿನ ಹೆಗಲಿಗೆ ನೊಗ ಇಟ್ಟರೆ ಮನೆತನಕ್ಕೇ ಕೇಡು. ಗೌಡರ ಎರಡು ಜೊತೆ ಎತ್ತುಗಳು ಮೈ ತೊಳೆಸಿಕೊಂಡು, ಹಣೆಗೆ ವಿಭೂತಿ ಬಳಿಸಿಕೊಂಡು, ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತ ಮಲಗಿದ್ದವು. ಆದರೆ ಮಡಿಯಲ್ಲಿ ಸಸಿ ಬಲಿಯುತ್ತಿತ್ತು, ಕೆಸರುಗದ್ದೆ ಮಟ್ಟ ಮಾಡುವ ಹಲಗೆಯನ್ನು ಯಾರಾದರೂ ಎಳೆಯಲೇಬೇಕಿತ್ತು. ಉಚ್ಚಂಗಮ್ಮನ ಗಂಡ ಗಿಡ್ಡಪ್ಪ ಮತ್ತು ಕೇರಿಯ ಇನ್ನು ಮೂವರು ಹೆಗಲಿಗೆ ಹಗ್ಗ ಹಾಕಿಕೊಂಡು ಎಳೆಯುತ್ತಿದ್ದರು. ಎತ್ತು ಹೂಡಿದರೆ ಪಾಪ. ಗಿಡ್ಡಪ್ಪನನ್ನು ಹೂಡಿದರೆ ಏನೂ ಇಲ್ಲ.

ಉಚ್ಚಂಗಮ್ಮ ಕೇಳಿಯೇ ಬಿಟ್ಟಳು. "ಗೌಡ್ರೇ, ನಮಗೂ ಸೋಮವಾರ ಒಂದು ಬಿಡುವು ಕೊಟ್ರೆ ಏನ್ರೀ? ನನ್ ಸೊಸೀಗೆ ಬೆಳಗಿಂದ ಕಿಬ್ಬೊಟ್ಟೆ ಹಿಡ್ಕಂಡೈತೆ. ಹೋದ ವರ್ಷದ್ದು ಈ ಗದ್ದ್ಯಾಗೇ ಹೋತು."

"ಅವಳೊಬ್ಬಳು ಬರ್ಲಿಲ್ಲ ಅಂದ್ರೆ ನಿಮ್ ಗುಂಪಿಗೇ ಕೆಲ್ಸ ಇಲ್ಲ. ಜಗಳೂರಿಂದ ಒಂದು ಲಾರಿ ಆಳು ತುಂಬಿಸ್ಕಂಡ್ ಬರಾಕೆ ನನಗೆಷ್ಟು ಹೊತ್ತು?"

"ಎತ್ತಿಗೆ ಕೊಟ್ಟೀರಲ್ರೀ ಬಿಡುವು."

ಗೌಡ ಹೊಟ್ಟೆ ಕುಣಿಸಿ ನಕ್ಕ. "ಎತ್ತು ದೇವ್ರು ಕಣೇ! ನಿಮಗ್ಯಾವ ದೇವ್ರೈತೆ ವಾರ ಹಿಡಿಯಾಕೆ?"

ಉಚ್ಚಂಗಮ್ಮ ಬಗ್ಗಿದಲ್ಲಿಂದಲೇ ಹೇಳಿದಳು. "ಅದಾರೆ ರೀ. ಐದು ಜನ."

ಗದ್ದೆಯಲ್ಲಿದ್ದ ಹೆಂಗಸರೆಲ್ಲ ಕಿಸಕ್ಕನೆ ನಕ್ಕರು. ಅವರಿಗೆ ಆ ಐವರೂ ಗೊತ್ತಿದ್ದರು.

ಹೋದ ವರ್ಷ ಇದೇ ಬದುವಿನ ಮೇಲೆ ಅಂತರಘಟ್ಟಮ್ಮನ ಮೊದಲ ಕೂಸು ತಿಂಗಳು ತುಂಬದೆ ಬಿದ್ದುಹೋಗಿತ್ತು. ಸೀರೆ ತುಂಡಿನಲ್ಲಿ ಸುತ್ತಿ ಗದ್ದೆಯ ಮೂಲೆಯಲ್ಲೇ ಮಣ್ಣು ಮಾಡಿದ್ದರು. ಮೂರನೇ ದಿನ ನಾಟಿಗೆ ಬಂದ ಹುಡುಗಿ ಕೆಸರಲ್ಲಿ ಕೈಯಿಟ್ಟವಳು ತೆಗೆಯಲೇ ಇಲ್ಲ. "ಅತ್ತೇ, ನನ್ ಕೂಸು ಎಲ್ಲಿಗೆ ಹೋತು?" ಎಂದಳು. ಅಯ್ಯನೋರು ಹೇಳುವ ಕೈಲಾಸಕ್ಕೆ ಹೋಯಿತು ಅನ್ನೋಣವೆಂದರೆ, ಊರ ಗುಡಿಯ ಮೆಟ್ಟಿಲನ್ನೇ ಹತ್ತಿಸದವರು ಕೈಲಾಸದ ಬಾಗಿಲು ತೆಗೆಯುತ್ತಾರೆಯೇ? ಹಾಗಾಗಿ ಉಚ್ಚಂಗಮ್ಮ ಬಾಯಿಗೆ ಬಂದದ್ದು ಹೇಳಿದಳು. "ಮ್ಯಾಲಕ್ಕಲ್ಲ ಕಣವ್ವ, ಕೆಳಗೆ. ಈ ಕೆಸರಿನ ಕೆಳಗೆ ಇನ್ನೊಂದು ಲೋಕ ಐತೆ. ಅಲ್ಲಿ ಸೊಂಟವ್ವ ಅದಾಳೆ. ಅವಳ ಮಡಿಲಾಗೈತೆ."

ಹುಡುಗಿ ಕಣ್ಣೊರೆಸಿಕೊಂಡು, "ಸೊಂಟವ್ವ ಅಂದ್ರೆ ಯಾರು?" ಎಂದು ಕೇಳಿದಳು. ಅಲ್ಲಿಂದ ಶುರುವಾದ ಕತೆ ನಿಲ್ಲಲಿಲ್ಲ. ದಿನಕ್ಕೊಂದಿಷ್ಟು, ಸಾಲಿಗೊಂದಿಷ್ಟು, ಉಚ್ಚಂಗಮ್ಮ ದೇವರುಗಳನ್ನು ನಾಟಿ ಮಾಡುತ್ತ ಹೋದಳು. ಸೊಂಟವ್ವ ಎಲ್ಲರಿಗೂ ಹಿರಿಯಳು. ಭೂಮಿ ಹುಟ್ಟಿದಾಗ ಮೇಲಿನ ದೇವರು, "ಊಟ ಮಾಡಿ ಬರ್ತೀವಿ, ಒಂಚೂರು ಹಿಡ್ಕಂಡಿರು" ಎಂದು ಭೂಮಿಯನ್ನು ಅವಳ ಬೆನ್ನ ಮೇಲಿಟ್ಟು ಹೋದರು. ಇವತ್ತಿಗೂ ಉಂಡು ಮುಗಿದಿಲ್ಲ ಅವರದ್ದು. ಅವಳ ಗಂಡ ತಂಗಳಪ್ಪ, ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವವನು. ಹಂಡೆ ಕೆರೆದ ಸದ್ದು ಕೇಳಿದರೆ ಎಲ್ಲಿದ್ದರೂ ಎದ್ದು ಬರುತ್ತಾನೆ. ಮಗಳು ಬೆವರಮ್ಮ ಹಣೆ ಒರೆಸಿ ಒರೆಸಿ ಝಾಡಿಸಿದ್ದಕ್ಕೇ ಸಮುದ್ರ ಆಗಿದ್ದು. ಉಪ್ಪು ಯಾಕೆ ಅಂದುಕೊಂಡಿರಿ? ಜಿಗಣೆರಾಯ ಆ ಲೋಕದ ಪೊಲೀಸು, ಯಾರ ಕಾಲನ್ನಾದರೂ ಹಿಡಿಯುತ್ತಾನೆ, ರಕ್ತ ಕೊಡದೆ ಬಿಡುವುದಿಲ್ಲ. ಎಲ್ಲರಿಗಿಂತ ಚಿಕ್ಕವನು ಉಸ್ಸಪ್ಪ. ಸೊಂಟವ್ವನ ಮಡಿಲಲ್ಲಿ ನಿದ್ದೆ ಮಾಡುತ್ತಿರುತ್ತಾನೆ. ಮೇಲೆ ಯಾರಾದರೂ ಬೆನ್ನು ನೆಟ್ಟಗೆ ಮಾಡಿ ಉಸ್ಸೆಂದರೆ ಮಾತ್ರ ಎಚ್ಚರಾಗಿ ನಗುತ್ತಾನೆ.

ಉಸ್ಸಪ್ಪ ಯಾರೆಂದು ಅಂತರಘಟ್ಟಮ್ಮ ಕೇಳಲಿಲ್ಲ. ಅತ್ತೆಯೂ ಹೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು.

ಯಾವ ದೇವರು ಎಂದು ಗೌಡ ಕೇಳಿದ ಆ ಸೋಮವಾರವೇ ಮಧ್ಯಾಹ್ನ, ಬುತ್ತಿ ಉಂಡ ಕೈಯಲ್ಲೇ ಉಚ್ಚಂಗಮ್ಮ ಗದ್ದೆಯ ಕೆಸರು ಬಗೆದು ಬದುವಿನ ಮೇಲೆ ಗೇಣುದ್ದದ ಐದು ಗೊಂಬೆ ಮಾಡಿ ಕೂರಿಸಿದಳು. ಹಣೆಗೆ ಕುಂಕುಮ ಇಟ್ಟಳು. ಹೆಂಗಸರು ತಲೆಯ ಹೂ ತೆಗೆದು ಏರಿಸಿದರು.

"ಇವ್ರೇ ರೀ ಐದು ಜನ. ಇವ್ರ ವಾರನೂ ಸೋಮವಾರನೇ."

"ಥೂ ನಿಮ್ಮ! ಕೆಸರು ತಟ್ಟಿ ದೇವ್ರು ಅಂತೀರಾ, ಮುಂಡೇರಾ?" ಎನ್ನುತ್ತ ಗೌಡ ಒದೆಯಲು ಕಾಲೆತ್ತಿದ. ಎತ್ತಿದ ಕಾಲಿನ ಮೀನಖಂಡದ ಮೇಲೆ ಹೆಬ್ಬೆಟ್ಟು ಗಾತ್ರದ ಜಿಗಣೆ ಒಂದು ಊದಿಕೊಂಡು ನೇತಾಡುತ್ತಿತ್ತು. ಗೌಡ ಕಿರುಚಿದ. ಕೊಡೆ ಗದ್ದೆಗೆ ಬಿತ್ತು.

ಉಚ್ಚಂಗಮ್ಮ ಬಹಳ ಮರ್ಯಾದೆಯಿಂದ ಹೇಳಿದಳು. "ಕೀಳಬ್ಯಾಡ್ರಿ ಗೌಡ್ರೇ. ಎಡದಿಂದ ನಾಲ್ಕನೇಯೋರು ಅವ್ರು."

ಗದ್ದೆಯಲ್ಲಿ ಜಿಗಣೆ ಹತ್ತುವುದು ಸೋಜಿಗವೇನಲ್ಲ. ಅವಳ ಕಾಲಿಗೇ ಆಗ ಎರಡು ಹತ್ತಿದ್ದವು. ಆದರೆ ಕುಂಕುಮ ಇಟ್ಟದ್ದನ್ನು ಒದೆಯಲು ಹೋದಾಗ ಹತ್ತಿದ್ದು ಗೌಡನಿಗೆ ಜೀವಮಾನದಲ್ಲಿ ಅದೊಂದೇ. ಅವನು ಆ ಕಾಲನ್ನು ಮೆಲ್ಲಗೆ ಹಿಂದಕ್ಕೆ ಇಟ್ಟುಕೊಂಡ.

ಮಾರನೇ ದಿನ ಬೆಳಿಗ್ಗೆ ಬಸವಣ್ಣನ ಗುಡಿಯ ಪೂಜಾರಿ ಮರುಳಯ್ಯ ತಾಮ್ರದ ತಂಬಿಗೆ ಹಿಡಿದು ಗದ್ದೆಗೆ ಬಂದರು. ರಾತ್ರಿಯ ಇಬ್ಬನಿಗೆ ಗೊಂಬೆಗಳು ಇನ್ನೂ ಹಸಿಯಾಗೇ ಇದ್ದವು. ಅಯ್ಯನೋರು ಮಾರು ದೂರ ನಿಂತು ಅವನ್ನು ನೋಡಿದರು, ಗೌಡನ ಕಾಲಿನ ಪಟ್ಟಿ ನೋಡಿದರು, ಗಂಟಲು ಸರಿಮಾಡಿಕೊಂಡರು.

"ಯಾವ ಪುರಾಣದಾಗೂ ಇಲ್ಲ ಇವು. ಆದ್ರೂ ಕುಂಕುಮ ಬಿದ್ದೈತೆ, ಒದೆಯಂಗಿಲ್ಲ. ಬಿಟ್ರೆ ಇವ್ರು ತಲೆ ಮೇಲೆ ಕೂರ್ತಾರೆ. ಒಂದು ಕೆಲ್ಸ ಮಾಡಾಣ ಗೌಡ್ರೇ. ಗುಡೀಗೆ ಒಯ್ದು ಬಿಡಾಣ. ಒಳಗೆ ಒಂದು ಗೂಡಿನಾಗೆ ಇಡ್ತೀನಿ. ಪೂಜೆ ನಂದು. ವಾರ ಯಾವ್ದು ಅಂತ ನಾನು ಪಂಚಾಂಗ ನೋಡಿ ಹೇಳ್ತೀನಿ."

"ವರ್ಷಕ್ಕೊಂದಿನ ಸಾಕು ಅನ್ರೀ" ಎಂದ ಗೌಡ.

"ನಾವು ನೋಡಾಕೆ ಬರಬೌದೇನ್ರಿ, ಅಯ್ಯನೋರೆ?" ಉಚ್ಚಂಗಮ್ಮ ಕೇಳಿದಳು.

"ಬರ್ರಿ, ಬ್ಯಾಡ ಅಂದೋರ್ಯಾರು? ಅಲ್ಲೇ ಹುಣಸೆಮರದ ತಾವ ನಿಂತು ಕೈ ಮುಗೀರಿ. ದೇವ್ರು ಎಲ್ಲರಿಗೂ ಒಂದೇ."

ಅಂತರಘಟ್ಟಮ್ಮ ಅತ್ತೆಯ ಸೆರಗು ಹಿಡಿದುಕೊಂಡಳು. ಅವಳ ಕಣ್ಣು ಕೊನೆಯ ಗೊಂಬೆಯ ಮೇಲಿತ್ತು, ಎಲ್ಲಕ್ಕಿಂತ ಚಿಕ್ಕದು. ಉಚ್ಚಂಗಮ್ಮನಿಗೆ ಮೊದಲ ಸಲ ಭಯವಾಯಿತು. ಸುಮ್ಮನೆ ಬಾಯಿಗೆ ಬಂದದ್ದು ಹೇಳಿದ್ದೆ, ಈಗ ಅದನ್ನೂ ಒಯ್ದು ಬೀಗ ಹಾಕುತ್ತಾರಲ್ಲ! ಅಯ್ಯನೋರ ಕಾಲು ಹಿಡಿಯಲೇ ಎಂದುಕೊಂಡಳು. ಹಿಡಿದರೆ ಅವರಿಗೆ ಮೈಲಿಗೆ.

ಅಷ್ಟರಲ್ಲಿ ಅಯ್ಯನೋರೇ ಹೇಳಿದರು. "ನೀವು ಮುಟ್ಟಿ ಮಾಡಿದ್ದು ಇವು. ಹಂಗೇ ಎತ್ತಾಕೆ ಆಗ್ತೈತೇನು? ಮೊದ್ಲು ಶುದ್ಧ ಆಗ್ಬೇಕು." ಮಂತ್ರ ಶುರು ಮಾಡಿ ತಂಬಿಗೆ ಎತ್ತಿದರು.

ಗಿಡ್ಡಪ್ಪನಿಗೆ ಮನುಷ್ಯ ಮಾತ್ರದವರ ಮೇಲೆ ಬಲು ಕನಿಕರ. "ಅಯ್ಯನೋರೆ, ಅದು ಹಸಿ ಮ..." ಎಂದು ಬಾಯಿ ತೆಗೆದ. ಉಚ್ಚಂಗಮ್ಮ ಅವನ ಕಾಲನ್ನು ತುಳಿದಳು. ಬಲವಾಗಿಯೇ ತುಳಿದಳು.

ಹುಟ್ಟಿದಾಗಿನಿಂದ ಕಲ್ಲಿನ ದೇವರಿಗೇ ನೀರು ಸುರಿದ ಕೈ ಅದು. ಧಾರಾಳವಾಗಿ ಸುರಿಯಿತು. ಮೊದಲು ಸೊಂಟವ್ವನ ಬೆನ್ನು ಬಾಗಿತು. ತಂಗಳಪ್ಪನ ಹೊಟ್ಟೆ ಕುಸಿಯಿತು. ಬೆವರಮ್ಮ ಹರಿದೇ ಹೋದಳು. ಜಿಗಣೆರಾಯ ಬದುವಿನಿಂದ ಜಾರಿ ಗದ್ದೆಗೆ ಬಿದ್ದ. ಉಸ್ಸಪ್ಪ ಒಂದು ಸಣ್ಣ ಗುಳ್ಳೆ ಬಿಟ್ಟು ಅವ್ವನ ಹಿಂದೆಯೇ ಹೋದ. ತಂಬಿಗೆ ಖಾಲಿಯಾಗುವ ಹೊತ್ತಿಗೆ ಬದುವಿನ ಮೇಲೆ ಕುಂಕುಮದ ಕೆಂಪು ನೀರು ಮಾತ್ರ ಇತ್ತು. ಅದೂ ಗದ್ದೆಗೆ ಇಳಿಯುತ್ತಿತ್ತು.

ಅಯ್ಯನೋರ ಮಂತ್ರ ನಡುವೆಯೇ ನಿಂತಿತು. "ಎಲ್ಲೋದ್ರೇ?" ಎಂದ ಗೌಡ, ದನಿ ಸಣ್ಣಗಾಗಿತ್ತು.

"ಮನೀಗೆ ಹೋದ್ರು ರೀ."

"ಮನೆ ಅಂದ್ರೆ... ಯಾವ ಜಾಗ?"

"ನೀರು ಎಲ್ಲೆಲ್ಲಿ ಹರೀತೈತೋ ಅಲ್ಲೆಲ್ಲ. ನಿಮ್ಮ ಗದ್ದೆ ತುಂಬ ಅದಾರೆ ಈಗ. ಅಯ್ಯನೋರೇ ಮಂತ್ರ ಹೇಳಿ ಇಳಿಸ್ಯಾರೆ, ನಮ್ದೇನಿಲ್ಲ ಇದ್ರಾಗೆ." ಉಚ್ಚಂಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಗಾಬರಿ ಬ್ಯಾಡ್ರಿ. ದುಡಿಯೋ ದೇವ್ರು ಅವ್ರು, ದಿನದ ಕೆಲ್ಸಕ್ಕೆ ಅಡ್ಡಿ ಮಾಡಲ್ಲ. ಸೋಮವಾರ ಒಂದಿನ ಅವ್ರ ಬೆನ್ನ ಮ್ಯಾಲೆ ಯಾರೂ ಕಾಲಿಡಂಗಿಲ್ಲ."

ಮರುಳಯ್ಯ ಖಾಲಿ ತಂಬಿಗೆಯನ್ನು ಕಂಕುಳಲ್ಲಿಟ್ಟುಕೊಂಡು ಬದುವಿನ ಮೇಲೇ, ಒಂದು ಹೆಜ್ಜೆಯೂ ಕೆಸರಿಗೆ ತಾಗದ ಹಾಗೆ, ಸರ್ಕಸ್ಸಿನವರಂತೆ ನಡೆದು ಊರಿಗೆ ಹೋದರು.

ಮುಂದಿನ ಸೋಮವಾರ ಕೇರಿಯವರು ಗದ್ದೆಗೆ ಬಂದರು, ಇಳಿಯಲಿಲ್ಲ. ಬದುವಿನ ಮೇಲೆ ಸಾಲಾಗಿ ಕೂತರು. ಗಿಡ್ಡಪ್ಪ ಹಲಗೆಯ ಹಗ್ಗವನ್ನು ಸುತ್ತಿ ತಲೆದಿಂಬು ಮಾಡಿಕೊಂಡು ಮಲಗಿದ. ಗೌಡ ಹೇಳಿದ ಮಾತಿಗೆ ತಪ್ಪುವವನಲ್ಲ. ಹೊತ್ತು ಮಾರುದ್ದ ಏರುವಷ್ಟರಲ್ಲಿ ಜಗಳೂರಿನ ಆಳುಗಳು ತುಂಬಿದ ಲಾರಿ ಬಂದು ನಿಂತಿತು. ಅವರ ಮುಂದಾಳು ದೊಡ್ಡಕ್ಕ ಎಂಬ ಎತ್ತರದ ಹೆಂಗಸು, ಸೊಂಟದಲ್ಲಿ ಕುಡುಗೋಲು. ಕೂತವರನ್ನು ನೋಡಿ ಅವಳು ಗದ್ದೆಯ ಅಂಚಿನಲ್ಲೇ ನಿಂತಳು.

"ಯಾಕವ್ವ, ನೀವ್ಯಾಕೆ ಇಳಿದಿಲ್ಲ?"

ಉಚ್ಚಂಗಮ್ಮ ಜಾಗ ಬಿಟ್ಟು ಕೂರಿಸಿಕೊಂಡು ಹೇಳಿದಳು. ಭೂಮಿ ಹೊತ್ತದ್ದು, ಇನ್ನೂ ಉಂಡು ಮುಗಿಯದ ಮೇಲಿನವರು, ತಂಬಿಗೆಯ ನೀರು, ಎಲ್ಲ ಹೇಳಿದಳು. ಉಸ್ಸಪ್ಪನದು ಹೇಳುವಾಗ ದನಿ ಒಂದು ಸಲ ತಡವರಿಸಿತು. ತಾನೇ ಹುಟ್ಟಿಸಿದ ದೇವರು ಎಂಬುದು ಅವಳಿಗೆ ಗೊತ್ತಿತ್ತು. ಆದರೂ ಬೆಳಿಗ್ಗೆ ನೀರಿಗೆ ಇಳಿಬಿಟ್ಟಿದ್ದ ಕಾಲನ್ನು ತನಗೇ ತಿಳಿಯದಂತೆ ಮೇಲೆಳೆದುಕೊಂಡಿದ್ದಳು.

ದೊಡ್ಡಕ್ಕ ಎಲ್ಲ ಕೇಳಿ, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಹೇಳಿದಳು. "ನಮ್ ಕಡೇನೂ ಒಬ್ಬಳು ಅದಾಳೆ. ಬತ್ತಿದ ಬಾವಿಯವ್ವ. ನಿಮ್ ಸೊಂಟವ್ವಗೆ ತಂಗಿ ಆಗ್ಬೇಕು ಬಿಡು. ಆದ್ರೆ ಅವಳು ನಿಮ್ಮೋರಷ್ಟು ಮೆತ್ತಗಿಲ್ಲ." ಸೊಂಟದ ಕುಡುಗೋಲು ಸೆಳೆದು ಬದುವಿಗೆ ಚುಚ್ಚಿ, ಅದರ ಹಿಡಿಗೆ ಕುಂಕುಮ ಹಚ್ಚಿ, ತಾನೂ ಕೂತಳು. ಲಾರಿಯವರೆಲ್ಲ ಇಳಿದು ಸಾಲು ಬೆಳೆಯಿತು.

"ಏಳ್ರೇ ಬೋಸುಡೇರಾ! ಸಸಿ ಬಲಿತು ಹಾಳಾಗ್ತೈತೆ! ಕೆಸರಿನಾಗೆ ಯಾವ ದೇವ್ರೂ ಇಲ್ಲ!"

"ಇಲ್ಲ ಅಂದ್ಮೇಲೆ ನೀವೇ ಒಂದು ಹೆಜ್ಜೆ ಇಡ್ರಿ ಗೌಡ್ರೇ. ನಿಮ್ದೇ ಗದ್ದೆ. ನಿಮ್ಮ ಹಿಂದೆನೇ ನಾವೂ ಇಳೀತೀವಿ" ಎಂದಳು ಉಚ್ಚಂಗಮ್ಮ.

ಗೌಡ ಪಂಚೆ ಎತ್ತಿ ಕಟ್ಟಿದ. ಪಟ್ಟಿ ಕಟ್ಟಿದ ಕಾಲನ್ನು ಕೆಸರಿನ ಮೇಲಕ್ಕೆ ಚಾಚಿದ. ನೀರಿನಲ್ಲಿ ಏನೋ ಒಂದು ಸಣ್ಣ ಗುಳ್ಳೆ ಎದ್ದು ಒಡೆಯಿತು. ಕಾಲು ಅಲ್ಲೇ ನಿಂತಿತು, ಕೆಳಗೂ ಇಳಿಯಲಿಲ್ಲ, ಹಿಂದಕ್ಕೂ ಬರಲಿಲ್ಲ. ಊರಿನ ಗೌಡ ಒಂಟಿ ಕಾಲಲ್ಲಿ ನಿಂತಿರುವುದನ್ನು ಎರಡು ಸೀಮೆಯ ಆಳುಗಳು ಎಲೆ ಅಡಿಕೆ ಅಗಿಯುತ್ತ ನೋಡಿದರು.

ಅಂತರಘಟ್ಟಮ್ಮ ಬದುವಿನ ಹುಲ್ಲಿನ ಮೇಲೆ ಅಂಗಾತ ಮಲಗಿ, ಬೆನ್ನನ್ನು ಪೂರ್ತಿ ಚಾಚಿ, "ಉಸ್ಸ್" ಎಂದಳು. ಇಡೀ ಉಸಿರು, ಅರ್ಧ ಅಲ್ಲ. ಆಮೇಲೆ ಹೊಟ್ಟೆಯ ಮೇಲೆ ಕೈಯಿಟ್ಟು ಗಕ್ಕನೆ ಕಣ್ಣು ಬಿಟ್ಟಳು.

"ಅತ್ತೇ, ಒದೀತು!"

ಉಚ್ಚಂಗಮ್ಮ ಗೌಡನ ಕಾಲಿನಿಂದ ಕಣ್ಣು ತೆಗೆಯಲಿಲ್ಲ. "ಒದೀಲಿ ಬಿಡವ್ವ," ಎಂದಳು. "ಅಲ್ಲಿಂದ್ಲೇ ಕಲ್ತು ಬರ್ಲಿ."