ಉಂಡ ಇಂಚು

ಭಟ್ಟಿಯ ಬಾಗಿಲು ತೆಗೆದ ಕೂಡಲೇ ತಿಳಿಯಿತು. ಅಳೆಯಬೇಕಾಗಿರಲಿಲ್ಲ. ಆದರೂ ಅಳೆದೆ. ಹದಿನಾರು ಇಂಚು ಇರಬೇಕಾದ ಕುಂಡ ಹದಿನಾಲ್ಕಿತ್ತು. ಹನ್ನೆರಡು ಇರಬೇಕಾದ ಅಗಲ ಹತ್ತೂವರೆ.

ಬೇರೆ ಯಾವ ದೋಷವೂ ಇರಲಿಲ್ಲ. ನಾಲ್ಕು ಕಾಲೂ ನೆಲಕ್ಕೆ ಸಮನಾಗಿ ಕೂತಿದ್ದವು. ಮೂಲೆಗಳು ಬಿರುಕು ಬಿಟ್ಟಿರಲಿಲ್ಲ. ಬೂದು ನೀಲಿಯ ಮೆರುಗು ಅಂಚಿನಲ್ಲಿ ತೆಳುವಾಗಿ ಕಂದು ಬಣ್ಣಕ್ಕೆ ತಿರುಗಿತ್ತು, ನನ್ನ ಗಂಡ ಮಾಡುತ್ತಿದ್ದ ಕುಂಡಗಳಲ್ಲಿ ತಿರುಗುತ್ತಿದ್ದ ಹಾಗೆಯೇ. ಒಂದು ಗಳಿಗೆ ನನಗೆ ಹೆಮ್ಮೆಯೂ ಆಯಿತು. ಅದನ್ನೂ ಬರೆದುಬಿಡುತ್ತೇನೆ.

ಹಸಿಮಣ್ಣು ಒಣಗುವಾಗ ಒಂದಿಷ್ಟು, ಸುಡುವಾಗ ಇನ್ನೊಂದಿಷ್ಟು ಕುಗ್ಗುತ್ತದೆ. ನಾವು ಬಳಸುವ ಮಣ್ಣು ಒಟ್ಟು ನೂರಕ್ಕೆ ಹನ್ನೆರಡು ಪಾಲು. ಇದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ಮದುವೆಯಾದ ಹೊಸತರಲ್ಲಿ ಅವರು ಒಂದೊಂದು ಬೋನ್ಸಾಯ್ ಕುಂಡಕ್ಕೂ ಕಾಗದದ ಮೇಲೆ ಲೆಕ್ಕ ಹಾಕಿ ಒದ್ದಾಡುವುದನ್ನು ನೋಡಿ, "ಗಣಿತದಲ್ಲಿ ಎಂ.ಎಸ್ಸಿ. ಮಾಡಿರೋ ಹೆಂಡ್ತಿ ಮನೇಲಿದ್ದೂ ಇದೇನ್ರೀ ಪಾಡು" ಎಂದು ನಾನೇ ಒಂದು ಅಳತೆಪಟ್ಟಿಯ ಲೆಕ್ಕ ಮಾಡಿಕೊಟ್ಟಿದ್ದೆ. ಅವರು ತೇಗದ ಪಟ್ಟಿಯ ಮೇಲೆ ಗೀರು ಹಾಕಿದರು. ಅದರ ಇಂಚು ನಿಜವಾದ ಇಂಚಿಗಿಂತ ತುಸು ಉದ್ದ. ಹಸಿಮಣ್ಣನ್ನು ಅದರಲ್ಲಿ ಹದಿನಾರಕ್ಕೆ ಕತ್ತರಿಸಿದರೆ ಭಟ್ಟಿಯಿಂದ ಹೊರಬರುವಾಗ ಸರಿಯಾಗಿ ಹದಿನಾರು. "ನಿನ್ನ ಇಂಚು ಹೊಟ್ಟೆ ತುಂಬ ಉಂಡಿದೆ ಕಣೇ" ಎಂದು ನಗುತ್ತಿದ್ದರು.

ಅವರು ಹೋಗಿ ಎಂಟು ತಿಂಗಳು. ಸ್ಕೂಟರು, ಲಾರಿ. ಅಷ್ಟು ಹೇಳಿದರೆ ಸಾಕು.

ಪಟ್ಟಿಯ ಮೇಲೆ ಅವರ ಹೆಬ್ಬೆರಳಿನ ಮಣ್ಣಿನ ಗುರುತು ಒಣಗಿ ಉಳಿದಿತ್ತು. ಹಳೆಯ ಟವೆಲಿನಲ್ಲಿ ಸುತ್ತಿ ಬೀರುವಿನಲ್ಲಿಟ್ಟೆ. ಕುಂಡ ಮಾಡಲು ಕೂತ ದಿನ ಆ ಬೀರುವಿನ ಬಾಗಿಲು ತೆಗೆಯಲು ಆಗಲಿಲ್ಲ. ಪ್ಲಾಸ್ಟಿಕ್ ಸ್ಕೇಲು ತೆಗೆದುಕೊಂಡೆ. ಲೆಕ್ಕ ಮನಸ್ಸಿನಲ್ಲೇ ಹಾಕಿಕೊಂಡರಾಯಿತು ಎಂದುಕೊಂಡೆ. ಹಾಕಲಿಲ್ಲ.

ಕುಂಡ ಬೇಕಾಗಿದ್ದದ್ದು ಟೇಪಜ್ಜನಿಗೆ. ನಮ್ಮ ರಸ್ತೆಯ ಕೊನೆಯಲ್ಲಿ ಟೈಲರ್ ಅಂಗಡಿ ಇಟ್ಟಿರುವವರು. ಮದುವೆ ಮನೆಗೆ ಹೋದರೂ ಕೊರಳಲ್ಲಿ ಅಳತೆ ಟೇಪು ಇರುತ್ತದೆ, ಅದಕ್ಕೇ ಆ ಹೆಸರು. ಅಂಗಡಿ ತೆರೆದ ವರ್ಷ ಬೀಜ ಹಾಕಿ ಬೆಳೆಸಿದ ದಾಳಿಂಬೆ ಬೋನ್ಸಾಯ್ ಒಂದು ಅವರಲ್ಲಿದೆ. ಮೂವತ್ತೊಂದು ವರ್ಷದ ಮರ, ಮೊಣಕಾಲೆತ್ತರ. ಸಾಯುವ ಎರಡು ವಾರ ಮೊದಲು ನನ್ನ ಗಂಡ ಹೋಗಿ ಅದರ ಬೇರಿನ ಹರವನ್ನು ಅಳೆದು, ಬೇಕಾದ ಕುಂಡದ ಅಳತೆಯನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಂಡು ಬಂದಿದ್ದರು. ಆರು ತಿಂಗಳು ಟೇಪಜ್ಜ ಕುಂಡದ ಮಾತೇ ಎತ್ತಲಿಲ್ಲ. ಆಮೇಲೊಂದು ದಿನ ಬಾಗಿಲಲ್ಲಿ ನಿಂತು, "ಅವಸರ ಇಲ್ಲ ಮಗಳೇ. ಆದ್ರೆ ಕೈ ನಡುಗೋಕೆ ಶುರುವಾಗಿದೆ. ನಾನು ಅದಕ್ಕೆ ಕುಂಡ ಬದಲಾಯಿಸೋದು ಇದೇ ಕೊನೇ ಸಲ" ಎಂದರು.

"ನಾನೇ ಮಾಡಿಕೊಡ್ತೀನಿ ಅಜ್ಜ" ಎಂದೆ. ಯಾರೂ ನನ್ನನ್ನು ಬಲವಂತ ಮಾಡಿರಲಿಲ್ಲ.

ಕುಂಡ ಒಯ್ಯಲು ಬಂದವರು ಮೊದಲು ಅಂಚಿನ ಮೇಲೆ ಕೈಯಾಡಿಸಿದರು. "ಭೇಷ್. ಅವನದೇ ಕೈ." ಆಮೇಲೆ ಕೊರಳಿನ ಟೇಪು ತೆಗೆದರು. ಒಮ್ಮೆ ಹಿಡಿದರು. ಇನ್ನೊಮ್ಮೆ ಹಿಡಿದರು.

"ಹದಿನಾಲ್ಕು ಬರ್ತಿದೆಯಲ್ಲಾ. ನನ್ನ ಕಣ್ಣು ಕೆಟ್ಟಿದೆಯೋ, ಟೇಪು ಕೆಟ್ಟಿದೆಯೋ?"

ತಪ್ಪಾಯಿತು ಎಂದು ಹೇಳಲು ಬೇಕಾದಷ್ಟು ಹೊತ್ತಿತ್ತು.

"ಪುಸ್ತಕದಲ್ಲಿ ಅವರು ಬರೆದಿಟ್ಟಿದ್ದು ಅಷ್ಟೇ ಅಜ್ಜ" ಎಂದೆ.

ಪಕ್ಕದ ಅಡುಗೆಮನೆಯಲ್ಲಿ ಅತ್ತೆ ಪಾತ್ರೆ ತೊಳೆಯುತ್ತಿದ್ದರು. ಸದ್ದು ನಿಂತಿತು.

"ಅವನು ಬರೆದಿದ್ನಾ?" ಟೇಪಜ್ಜ ಟೇಪನ್ನು ಬೆರಳಿಗೆ ಸುತ್ತಿಕೊಂಡರು, ಬಿಚ್ಚಿದರು. "ಹದಿನಾರು ಅಂತ ನಾವಿಬ್ರೂ ಮಾತಾಡಿದ್ವಿ... ಇರ್ಲಿ. ಏನೋ ಯೋಚನೆ ಮಾಡೇ ಬರೆದಿರ್ತಾನೆ. ಬೇರು ಜಾಸ್ತಿ ಆಗಿದೆ, ಕತ್ತರಿಸು ಮುದುಕಾ ಅಂತ ಇರಬೇಕು. ಆ ಗಿಡ ನನಗಿಂತ ಅವನಿಗೇ ಚೆನ್ನಾಗಿ ಅರ್ಥ ಆಗ್ತಿತ್ತು."

"ಇರಬೇಕು" ಎಂದೆ. ಎರಡನೆಯ ಸುಳ್ಳು ಮೊದಲನೆಯದಕ್ಕಿಂತ ಸಲೀಸಾಗಿ ಬಂತು. ಕುಂಡವನ್ನು ಹಳೆಯ ಪೇಪರಿನಲ್ಲಿ ಸುತ್ತಿ ಕೊಟ್ಟೆ.

ಅಂದು ಊಟಕ್ಕೆ ಕೂತಾಗ ಅತ್ತೆ ಏನೂ ಕೇಳಲಿಲ್ಲ. ಮೂರು ವಾರ ಕೇಳಲಿಲ್ಲ. ಮನೆಯಲ್ಲಿ ಇರುವವರು ನಾವಿಬ್ಬರೇ. ಉಪ್ಪು ಕೊಡು, ದೀಪ ಆರಿಸು ಎಂಬ ಮಾತುಗಳಲ್ಲಿ ದಿನ ಕಳೆಯಬಹುದು ಎಂದು ಆಗ ತಿಳಿಯಿತು.

ಮೂರು ವಾರದ ಮೇಲೆ ದಿಂಬಿನ ಗವಸು ಹೊಲಿಸಲು ಕೊಟ್ಟು ಬಂದ ಅತ್ತೆ ಚಪ್ಪಲಿ ಬಿಡುತ್ತಲೇ ಹೇಳಿದರು: "ಟೇಪಜ್ಜನ ದಾಳಿಂಬೆ ಎಲೆ ಉದುರಿಸ್ತಿದೆ. ಎಡಗಡೆ ಕೊಂಬೆ ಪೂರ್ತಿ ಒಣಗಿದೆ."

ಅವರು ಭಟ್ಟಿಯ ಶೆಡ್ಡಿಗೆ ಹೋಗಿ, ನನ್ನ ಗಂಡನ ಪುಸ್ತಕ ತಂದು, ಪುಟ ತೆರೆದು ನನ್ನ ಮುಂದಿಟ್ಟರು.

"ಓದು."

"ಅತ್ತೆ..."

"ನನಗೆ ಕನ್ನಡಕ ಇಲ್ಲದೆ ಕಾಣಲ್ಲ. ನೀನು ಕಲಿತವಳು, ಓದು. ನನ್ನ ಮಗ ಎಷ್ಟು ಅಂತ ಬರೆದಿದ್ದಾನೆ?"

ಕನ್ನಡಕ ಅವರ ಮೂಗಿನ ಮೇಲೇ ಇತ್ತು.

"ಹದಿನಾರು" ಎಂದೆ. "ಹನ್ನೆರಡು."

"ಹೂಂ." ಪುಸ್ತಕ ಮುಚ್ಚಿ ಒಳಗೆ ಹೋದರು.

ನಾನು ಬೀರು ತೆಗೆದೆ. ಟವೆಲು ಬಿಚ್ಚಿ, ಪಟ್ಟಿಯನ್ನಷ್ಟೇ ಕೈಯಲ್ಲಿ ಹಿಡಿದು ಅಂಗಡಿಗೆ ನಡೆದೆ.

ಟೇಪಜ್ಜ ಪ್ಯಾಂಟೊಂದರ ಮಡಿಕೆ ಬಿಚ್ಚುತ್ತಿದ್ದರು. ಮರ ಕಿಟಕಿಯ ಕಟ್ಟೆಯ ಮೇಲಿತ್ತು. ನಾನು ಮಾಡಿದ ಕುಂಡದಲ್ಲಿ, ಚಿಕ್ಕ ಚಪ್ಪಲಿಯಲ್ಲಿ ತುರುಕಿದ ಪಾದದ ಹಾಗೆ. ಉದುರಿದ ಎಲೆಗಳನ್ನು ಯಾರೋ ಗುಡಿಸಿ ಮೂಲೆಗೆ ಒತ್ತಿದ್ದರು.

"ಅಜ್ಜ, ಈ ಪಟ್ಟಿಗೆ ನಿಮ್ಮ ಟೇಪು ಹಿಡೀರಿ."

ಹಿಡಿದರು. ಅವರಿಗೆ ವಿವರಿಸಿ ಹೇಳಬೇಕಾಗಲಿಲ್ಲ.

"ಓಹೋ. ಕುಗ್ಗೋದಕ್ಕೆ ಬಿಟ್ಟಿರೋ ಅಳತೆ. ಹೊಸ ಬಟ್ಟೆ ನೆನೆಸದೆ ಹೊಲಿದ್ರೆ ಮೊದಲನೇ ಒಗೆತಕ್ಕೇ ಅಪ್ಪನ ಅಂಗಿ ಮಗನಿಗಾಗುತ್ತೆ." ನಗಲು ಹೊರಟವರು ನನ್ನ ಮುಖ ನೋಡಿ ನಿಲ್ಲಿಸಿದರು. "ಇದನ್ನ ಬಿಟ್ಟು ಮಾಡಿದ್ಯಾ?"

"ಹೂಂ. ಅವರು ಹದಿನಾರು ಅಂತಲೇ ಬರೆದಿದ್ರು. ನಾನು ಸುಳ್ಳು ಹೇಳಿದೆ."

ಟೇಪಜ್ಜ ಪ್ಯಾಂಟನ್ನು ಮಡಿಸಿದರು. ಮತ್ತೆ ಬಿಚ್ಚಿ ಮಡಿಸಿದರು.

"ಮರದ ಮಾತು ಬಿಡು, ಅರ್ಧ ಉಳಿಯುತ್ತೆ. ಭಾನುವಾರ ನಾವು ಗಿಡದವರು ಪಾರ್ಕಲ್ಲಿ ಸೇರ್ತೀವಲ್ಲ. ಹೋದ ವಾರ ಅಲ್ಲಿ ಅಂದುಬಿಟ್ಟೆ, ಆ ಹುಡುಗ ಕೊನೇಲಿ ಅಳತೆ ತಪ್ಪಿದ್ದ ಅಂತ. ಒಬ್ಬ ಅಂದ, ತಲೆ ಎಲ್ಲೋ ಇತ್ತೇನೋ, ಅದಕ್ಕೇ ಲಾರಿಗೆ ಸಿಕ್ಕ ಅಂತ." ಕತ್ತರಿಯನ್ನು ಅತ್ತ ಸರಿಸಿದರು. "ನಾನೂ ತಲೆ ಆಡಿಸಿದೆ ಮಗಳೇ. ಸತ್ತೋನು ಎದ್ದು ಬಂದು ಇಲ್ಲ ಅಂತಾನಾ?"

ಹೊರಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸುತ್ತಾ ಹೋದರು. ನನಗೆ ಅಳು ಬರಲಿಲ್ಲ. ಎಂಟು ತಿಂಗಳಿಂದ ಬಂದಿಲ್ಲ. ಮುಖ ಮಾತ್ರ ಕಿವಿಯವರೆಗೂ ಸುಟ್ಟ ಹಾಗಾಯಿತು.

"ಹೊಸ ಕುಂಡ ಮಾಡಿಕೊಡ್ತೀನಿ" ಎಂದೆ.

"ಕುಂಡ ಆಮೇಲೆ."

"ಭಾನುವಾರ ಎಷ್ಟು ಗಂಟೆಗೆ ಸೇರ್ತೀರಿ?"

ಅವರು ಆಗ ನನ್ನನ್ನು ನೋಡಿದರು. "ಹತ್ತಕ್ಕೆ. ಈ ಪಟ್ಟಿ ತಗೊಂಡು ಬಾ. ಬರೀ ಬಾಯಲ್ಲಿ ಹೇಳಿದ್ರೆ, ಪಾಪ ಗಂಡ ಸತ್ತವಳು ಅಂತ ನಿನ್ನ ಮಾತು ಪೂರ್ತಿ ಕೇಳಿಸಿಕೊಳ್ಳೋದೇ ಇಲ್ಲ. ಇದನ್ನ ಕೈಗೆ ಕೊಡು. ಅವರೇ ಅಳೆದು ನೋಡ್ಲಿ."

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಇದ್ದರು. ಪಾರ್ಕಿನಲ್ಲಿ ಆದ ಮಾತನ್ನೂ ಬಿಡದೆ ಎಲ್ಲ ಹೇಳಿದೆ. ಲಾರಿಯ ಮಾತು ಬಂದಾಗ ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡರು. ಆಮೇಲೆ ಪಟ್ಟಿಯನ್ನು ನನ್ನಿಂದ ತೆಗೆದುಕೊಂಡು, ಹೆಬ್ಬೆರಳಿನ ಗುರುತಿಗೆ ತಾಗದಂತೆ ಎರಡು ತುದಿಗಳಲ್ಲಿ ಹಿಡಿದು, ಊಟದ ಮೇಜಿನ ಮೇಲಿಟ್ಟರು.

"ಭಾನುವಾರ ನಾನೂ ಬರ್ತೀನಿ."

"ಬೇಡ ಅತ್ತೆ, ನಾನೊಬ್ಬಳೇ ಹೋಗಿ..."

"ನಿನಗೆ ಜೊತೆ ಆಗೋಕೆ ಅಲ್ಲ ಕಣೇ" ಎಂದರು. "ನೀನು ಹೇಳೋದನ್ನ ನಾನು ಕೇಳಬೇಕು."